ಸೊಂಟ ನೋವು, ಒಂಟಿ ಕಾಲು, ಲೋಕಲ್ ರೈಲು

ಡೊಂಬಿವಲಿಯಿಂದ ದಾದರಿಗೆ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕೂರೋಕೆ ಜಾಗ ಸಿಗುವುದು ಲಾಟರಿ ಹೊಡೆದ ಹಾಗೆ. 22 ವರ್ಷ ನಾನು ನಿಂತೇ ಓಡಾಡಿದ್ದೇನೆ. ಅಂಥ ನನಗೆ "ನಿಮಗೆ ನಿಲ್ಲೋಕೆ ಸರಿಯಾಗಿ ಬರೋದಿಲ್ಲ" ಅಂತ ಒಬ್ಬಳು ಹುಡುಗಿ ಹೇಳಿದಳು. ಅವಳು ಫಿಸಿಯೋಥೆರಪಿಸ್ಟ್. ನನ್ನ ಸೊಂಟ ನೋವಿಗೆ ಆಗ ಎರಡು ವರ್ಷ ತುಂಬಿತ್ತು.

"ಕಾಕಾ, ಎರಡೂ ಪಾದ ಜೋಡಿಸಿ ನಿಲ್ಲಿ. ಈಗ ಕಣ್ಣು ಮುಚ್ಚಿ" ಅಂದಳು. ಮುಚ್ಚಿದೆ. ನಾಲ್ಕೈದು ಸೆಕೆಂಡಿನಲ್ಲಿ ಗಾಳಿಗೆ ಸಿಕ್ಕ ಅಡಿಕೆ ಮರದ ಹಾಗೆ ತೂಗತೊಡಗಿದೆ. ಒಂಟಿ ಕಾಲಿನಲ್ಲಿ ನಿಲ್ಲಿ ಅಂದಾಗ ಗೋಡೆ ಹಿಡಿದುಕೊಂಡೆ. ನೋವಿರುವುದು ಸೊಂಟದಲ್ಲಿ, ಇವಳು ಕಾಲಿನ ಆಟ ಆಡಿಸುತ್ತಾಳಲ್ಲ, ಇದ್ಯಾವ ಮದ್ದು ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ಕೇಳಿ, ಓದಿ, ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವ ನೋವಿನ ಮಾತು ಇದು ಅಂತ ಹೇಳಿಬಿಡುತ್ತೇನೆ. ಭಾರ ಎತ್ತುವಾಗ ಹಿಡಿದುಕೊಂಡು ವಾರದಲ್ಲಿ ಬಿಡುವ ನೋವಲ್ಲ. ಮೂರು ತಿಂಗಳು ದಾಟಿಯೂ ಉಳಿದದ್ದಕ್ಕೆ ದೀರ್ಘಕಾಲದ ನೋವು ಅನ್ನುತ್ತಾರೆ. ಇಂಥ ನೋವಿನಲ್ಲಿ ಹತ್ತರಲ್ಲಿ ಒಂಬತ್ತು ಸಲ "ಇದೇ ಕಾರಣ" ಅಂತ ಬೆರಳಿಟ್ಟು ತೋರಿಸೋಕೆ ಆಗುವುದಿಲ್ಲ. ಹಾಗಾದರೆ ನನ್ನ ಎಂಆರ್‌ಐ ರಿಪೋರ್ಟ್‌ನಲ್ಲಿ ಬರೆದಿದ್ದ ಡಿಸ್ಕ್ ಬಲ್ಜ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು? ಅದನ್ನು ಓದಿದ ದಿನ ನಾನು ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ, ಬೆನ್ನು ನೋವೇ ಇಲ್ಲದ ಸುಮಾರು 3,000 ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿತ್ತು. 20ರ ವಯಸ್ಸಿನವರಲ್ಲೇ ಶೇ. 30ರಷ್ಟು ಜನರ ಡಿಸ್ಕ್ ಉಬ್ಬಿತ್ತು. 50ರ ವಯಸ್ಸಿಗೆ ಶೇ. 60. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು! ಉಬ್ಬಿದ ಡಿಸ್ಕ್ ಕೆಲವರಿಗೆ ನಿಜವಾಗಿ ತೊಂದರೆ ಕೊಡುತ್ತದೆ, ಸುಳ್ಳಲ್ಲ. ಆದರೆ ಚಿತ್ರ ನೋಡಿದ ಕೂಡಲೇ ಕಳ್ಳ ಸಿಕ್ಕ ಅಂದುಕೊಳ್ಳುವ ಹಾಗಿಲ್ಲ.

ಇನ್ನು ಸಮತೋಲನದ ವಿಷಯ. ಇದು ಸ್ವಲ್ಪ ನಿಧಾನಕ್ಕೆ ಹೇಳಬೇಕಾದದ್ದು.

ನಾವು ಸುಮ್ನೆ ನಿಂತಿದ್ದೇವೆ ಅಂದುಕೊಂಡಾಗಲೂ ಮೈ ಸುಮ್ಮನಿರುವುದಿಲ್ಲ. ಹಿಂದೆ ಮುಂದೆ, ಆಚೆ ಈಚೆ ಕೂದಲೆಳೆಯಷ್ಟು ವಾಲುತ್ತಲೇ ಇರುತ್ತದೆ. ಪ್ರತಿ ಸಲ ಮಿದುಳು ತಿದ್ದುತ್ತದೆ. ತಿದ್ದಬೇಕಾದರೆ ಮೈ ಎಲ್ಲಿದೆ ಅಂತ ಗೊತ್ತಿರಬೇಕಲ್ವಾ? ಆ ಸುದ್ದಿ ಮೂರು ಕಡೆಯಿಂದ ಬರುತ್ತದೆ. ಕಣ್ಣು. ಒಳಗಿವಿಯಲ್ಲಿರುವ ಸಮತೋಲನದ ಅಂಗ. ಮೂರನೆಯದು ಮೈಯೇ, ಅಂದರೆ ಪಾದದ ಚರ್ಮ, ಕೀಲುಗಳು, ಸ್ನಾಯುಗಳು. ನನ್ನ ಮಾವನ ಮಾಟುಂಗದ ಹೋಟೆಲಿನ ಲೆಕ್ಕದಲ್ಲಿ ಹೇಳುವುದಾದರೆ, ಮಿದುಳು ಗಲ್ಲಾದ ಮೇಲೆ ಕೂತ ಮಾಲೀಕ. ಒಳಗೆ ಏನಾಗುತ್ತಿದೆ ಅಂತ ಮೂವರು ಸಪ್ಲೈಯರ್‌ಗಳು ಬಂದು ಹೇಳುತ್ತಾರೆ. ಮೂವರ ಮಾತೂ ಹೊಂದಿದರೆ ಸಲೀಸು. ಒಬ್ಬ ತೊದಲಿದರೆ ಮಾಲೀಕ ಉಳಿದಿಬ್ಬರನ್ನು ಜಾಸ್ತಿ ನಂಬುತ್ತಾನೆ. ಆ ಹುಡುಗಿ ನನ್ನ ಕಣ್ಣು ಮುಚ್ಚಿಸಿ, ಮೂವರಲ್ಲಿ ಒಬ್ಬನಿಗೆ ರಜೆ ಕೊಟ್ಟಳು. ಆಗ ಬಯಲಾದದ್ದು ಮೂರನೆಯವನ ತೊದಲು.

ಸ್ನಾಯುವಿನೊಳಗೆ ಕದಿರಿನ ಆಕಾರದ ಪುಟಾಣಿ ಅಂಗಗಳಿವೆ. ಹೆಸರೂ ಅದೇ, ಸ್ಪಿಂಡಲ್. ಸ್ನಾಯು ಎಷ್ಟು ಎಳೆಯಿತು, ಎಷ್ಟು ಬೇಗ ಎಳೆಯಿತು ಅನ್ನುವುದನ್ನು ಅವು ಮಿದುಳಿಗೆ ಹೇಳುತ್ತವೆ. ಇವನ್ನು ಮೋಸಗೊಳಿಸುವುದು ಸುಲಭ. ಸ್ನಾಯುವಿನ ಮೇಲೆ ಗುಯ್‌ಗುಡುವ ಸಣ್ಣ ಯಂತ್ರ ಇಟ್ಟರೆ ಸಾಕು, ಸ್ನಾಯು ಉದ್ದವಾಗುತ್ತಿದೆ ಅಂತ ಸುಳ್ಳು ಸುದ್ದಿ ಹೋಗುತ್ತದೆ. ಮೀನಖಂಡದ ಮೇಲೆ ಇಟ್ಟರೆ ಮಿದುಳಿಗೆ ಮೈ ಮುಂದಕ್ಕೆ ವಾಲುತ್ತಿದೆ ಅನಿಸಿ, ನಿಂತವರನ್ನು ಹಿಂದಕ್ಕೆ ಎಳೆಯುತ್ತದೆ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಈ ತಂತ್ರವನ್ನು ಸೊಂಟ ನೋವಿನವರ ಮೇಲೆ ಬಳಸಿ ನೋಡಿದರು. ಮೀನಖಂಡದ ಸುಳ್ಳಿಗೆ ಅವರು ಜಾಸ್ತಿ ಮೋಸಹೋದರು. ಬೆನ್ನಿನ ಸ್ನಾಯುವಿನ ಸುಳ್ಳಿಗೆ ಕಡಿಮೆ. ಅಂದರೆ ಅವರ ಮಿದುಳು ಬೆನ್ನಿನಿಂದ ಬರುವ ಸುದ್ದಿಗೆ ಅಷ್ಟಾಗಿ ಕಿವಿಗೊಡುತ್ತಿರಲಿಲ್ಲ. ಹೆಚ್ಚು ಕಮ್ಮಿ ಪಾದದ ಗಂಟಿನ ಮೇಲೇ ಮೈ ನಡೆಸುತ್ತಿತ್ತು.

ಗಟ್ಟಿ ನೆಲದ ಮೇಲೆ ಇದರಿಂದ ದೊಡ್ಡ ತೊಂದರೆ ಇಲ್ಲ. ಸ್ಪಂಜಿನಂಥ ಮೆತ್ತನೆ ಜಾಗದಲ್ಲಿ ನಿಲ್ಲಿಸಿದಾಗ ಪಾದದ ಸುದ್ದಿ ನಂಬುವ ಹಾಗಿರುವುದಿಲ್ಲ. ನೋವಿಲ್ಲದವರು ಆಗ ಬೆನ್ನಿನ ಕಡೆಗೆ ಹೊರಳುತ್ತಾರೆ. ನೋವಿನವರು ಪಾದವನ್ನೇ ಹಿಡಿದುಕೊಂಡು ಕೂರುತ್ತಾರೆ.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಲೋಕಲ್. ರೈಲಿನಲ್ಲಿ ನೆಲವೇ ಅಲುಗಾಡುತ್ತದೆ. ಕುರ್ಲಾದ ಹತ್ತಿರ ಹಳಿ ಬದಲಾಗುವಾಗ ಗಮನಿಸಿ. ಪಳಗಿದವರು ಮೊಣಕಾಲು ಸಡಿಲ ಬಿಟ್ಟು, ಸೊಂಟದಲ್ಲಿ ಅಲೆಯನ್ನು ನುಂಗಿಬಿಡುತ್ತಾರೆ. ಹೊಸಬರು ಕಂಬದ ಹಾಗೆ ಸೆಟೆದು ನಿಂತು, ಜೋಲಿ ತಪ್ಪಿ ಪಕ್ಕದವರ ಕಾಲು ತುಳಿಯುತ್ತಾರೆ. ನೋವು ಶುರುವಾದ ಮೇಲೆ ನಾನೂ ಹೊಸಬನ ಹಾಗೆ ನಿಲ್ಲತೊಡಗಿದ್ದೆ. ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆ ಬಿಗಿದು, ಉಸಿರು ಕಟ್ಟಿ. ಸೊಂಟ ಅಲುಗದಿದ್ದರೆ ನೋವಾಗುವುದಿಲ್ಲ ಅನ್ನುವುದು ನನ್ನ ಲೆಕ್ಕ. ಫಿಸಿಯೋ ಮೇಡಂ ನನ್ನ ಬೆನ್ನಿನ ಮೇಲೆ ಕೈಯಿಟ್ಟು "ಹಲಗೆ ಆಗಿದೆ ಕಾಕಾ" ಅಂದಿದ್ದಳು.

ಇದು ನನ್ನೊಬ್ಬನ ಕಥೆಯಲ್ಲ. ನಿಂತಾಗಿನ ವಾಲಾಟವನ್ನು ಅಳೆದ ಅಧ್ಯಯನಗಳಲ್ಲಿ ಸೊಂಟ ನೋವಿನ ಹಲವರು, ಅದರಲ್ಲೂ ಕಣ್ಣು ಮುಚ್ಚಿದಾಗ, ಬೇರೆಯವರಿಗಿಂತ ಜಾಸ್ತಿ ವಾಲುತ್ತಾರೆ. ಕೆಲವರು ಉಲ್ಟಾ, ತೀರಾ ಕಡಿಮೆ ವಾಲುತ್ತಾರೆ. ಎರಡೂ ಒಂದೇ ಕಾಯಿಲೆಯ ಎರಡು ಮುಖ ಅಂತ ನನಗೆ ಅನಿಸುತ್ತದೆ. ಸುದ್ದಿ ಸರಿಯಾಗಿ ಸಿಗದವನು ತೂರಾಡುತ್ತಾನೆ, ಇಲ್ಲವೇ ಅಲ್ಲಾಡದೆ ಬಿಗಿದುಕೊಂಡು ನಿಲ್ಲುತ್ತಾನೆ.

ಇನ್ನೊಂದು ಪ್ರಯೋಗ ಹೇಳದಿದ್ದರೆ ಈ ವಿಷಯ ಅರ್ಧ. 1996ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಜನರಿಗೆ ಬೇಗ ಕೈ ಎತ್ತಲು ಹೇಳಿದರು, ಅಷ್ಟೇ. ಕೈ ಎತ್ತುವುದಕ್ಕೆ ಹೊಟ್ಟೆಗೇನು ಸಂಬಂಧ ಅನ್ನಬೇಡಿ. ಕೈ ಮೇಲೆದ್ದರೆ ಮೈಯ ತೂಕ ಸರಿಯುತ್ತದೆ. ಹಾಗಾಗಿ ನೋವಿಲ್ಲದವರಲ್ಲಿ, ಕೈ ಏಳುವ ಮೊದಲೇ ಹೊಟ್ಟೆಯ ಒಳಪದರದ ಒಂದು ಸ್ನಾಯು ಬಿಗಿದು ಸಿದ್ಧವಾಗುತ್ತಿತ್ತು. ಸೊಂಟ ನೋವಿನವರಲ್ಲಿ ಅದು ತಡವಾಗಿ ಬರುತ್ತಿತ್ತು. ತಡ ಅಂದರೆ ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು. ಆದರೂ ಕೆಲಸದ ಹುಡುಗ ಗಿರಾಕಿ ಎದ್ದು ಹೋದ ಮೇಲೆ ನೀರು ತಂದಿಟ್ಟ ಹಾಗೆ.

ಬಹುಮಟ್ಟಿಗೆ ಈ ಪ್ರಯೋಗದಿಂದ "ಕೋರ್", ಅಂದರೆ ಹೊಟ್ಟೆ, ಬೆನ್ನಿನ ನಡುಭಾಗದ ಸ್ನಾಯುಗಳು, ಅನ್ನುವ ಪದ ಜಗತ್ತೆಲ್ಲ ಹಬ್ಬಿತು. ಹಬ್ಬಿದ್ದು ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಹೊಟ್ಟೆ ಸದಾ ಒಳಗೆಳೆದುಕೊಂಡಿರಿ ಅಂತ ಜಿಮ್‌ನಲ್ಲಿ ಹೇಳುವುದು ಶುರುವಾಯಿತು. ಪ್ರಯೋಗ ಹೇಳಿದ್ದು ಸ್ನಾಯು ಸರಿಯಾದ ಹೊತ್ತಿಗೆ ಕೆಲಸಕ್ಕೆ ಬರುವ ಬಗ್ಗೆ. ದಿನವಿಡೀ ಡ್ಯೂಟಿ ಮಾಡಬೇಕು ಅಂತ ಅದು ಹೇಳಲಿಲ್ಲ. ಈಗಾಗಲೇ ಬಿಗಿದುಕೊಂಡಿರುವ ನನ್ನಂಥವನಿಗೆ ಇನ್ನಷ್ಟು ಬಿಗಿ ಅನ್ನುವುದು ಉರಿಯುವ ಒಲೆಗೆ ತುಪ್ಪ ಸುರಿದ ಹಾಗೆ.

ತಡವಾದದ್ದರಿಂದ ನೋವು ಬಂತಾ, ನೋವಿನಿಂದ ತಡವಾಯಿತಾ? ಒಳ್ಳೆಯ ಪ್ರಶ್ನೆ. ಆರೋಗ್ಯವಂತರ ಬೆನ್ನಿಗೆ ಗಾಢವಾದ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ನೋವು ಬರಿಸಿ ನೋಡಿದ್ದಾರೆ. ಆಗಲೂ ಸ್ನಾಯುಗಳ ಲಯ ತಪ್ಪಿತು. ಅಂದರೆ ನೋವಿಗೆ ಲಯ ಕೆಡಿಸುವ ಶಕ್ತಿ ಇದೆ. ನೋವು ಹೋದ ಮೇಲೂ ಕೆಲವರಲ್ಲಿ ಆ ಹಳೆಯ ಅಭ್ಯಾಸ ಉಳಿದುಬಿಡುತ್ತದೆ. ಕಾಲು ಉಳುಕಿ ವಾಸಿಯಾದ ಮೇಲೂ ಕುಂಟುವವರನ್ನು ನೋಡಿಲ್ವಾ?

ಈಗ ಭಂಗಿಗೆ ಬರೋಣ. "ಗೂನು ಬಿಡು, ನೆಟ್ಟಗೆ ಕೂತ್ಕೋ" ಅನ್ನುವುದನ್ನು ಕುಂದಾಪುರದ ಶಾಲೆಯಿಂದ ಹಿಡಿದು ಮುಂಬಯಿಯ ಆಫೀಸಿನವರೆಗೆ ಕೇಳಿಕೊಂಡೇ ಬಂದಿದ್ದೇನೆ. ನಿಜ ಹೇಳಬೇಕೆಂದರೆ, ಎಲ್ಲರ ಬೆನ್ನಿಗೂ ಒಪ್ಪುವ ಒಂದೇ ಸರಿಯಾದ ಭಂಗಿ ಅಂತ ಯಾರೂ ತೋರಿಸಿಕೊಟ್ಟಿಲ್ಲ. ಗೂನು ಬೆನ್ನು ಮಾಡಿಕೊಂಡು ಕೂತೂ ನೋವಿಲ್ಲದವರಿದ್ದಾರೆ, ಕೋಲಿನ ಹಾಗೆ ಕೂತು ನರಳುವವರೂ ಇದ್ದಾರೆ. ಯಾವ ಭಂಗಿಯಾದರೂ ಗಂಟೆಗಟ್ಟಲೆ ಅದರಲ್ಲೇ ಉಳಿದರೆ ಮೈ ದೂರು ಹೇಳುತ್ತದೆ. ಮಾವನ ಹೋಟೆಲಿನಲ್ಲಿ ದೋಸೆ ಹೊಯ್ಯುವ ಭಟ್ಟರು ದಿನಕ್ಕೆ ಎಂಟು ಗಂಟೆ ಕಾವಲಿಯ ಮುಂದೆ ನಿಲ್ಲುತ್ತಾರೆ. ಅವರ ಕಾಲು ನೋಡುತ್ತಾ ಕೂತರೆ ತಿಳಿಯುತ್ತದೆ. ಒಮ್ಮೆ ಎಡಗಾಲಿಗೆ ತೂಕ, ಒಮ್ಮೆ ಬಲಗಾಲಿಗೆ, ಒಮ್ಮೆ ಕೆಳಗಿನ ಇಟ್ಟಿಗೆಯ ಮೇಲೆ ಒಂದು ಪಾದ. ಅವರಿಗೆ ಸೊಂಟ ನೋವಿಲ್ಲ. ಗಲ್ಲಾದಲ್ಲಿ ಮೆತ್ತನೆ ಕುರ್ಚಿ ಹಾಕಿಕೊಂಡು ಕೂತ ಮಾವನಿಗಿದೆ. ಇದು ಒಂದು ಹೋಟೆಲಿನ ಕಥೆ, ಪುರಾವೆ ಅಲ್ಲ ಬಿಡಿ.

ಹಾಗಾಗಿ ಭಂಗಿಯ ತರಬೇತಿ ಅಂದರೆ ಮೈಯನ್ನು ಒಂದು ಅಚ್ಚಿಗೆ ಹೊಯ್ಯುವುದಲ್ಲ. ನನ್ನ ಸೊಂಟ ಈಗ ಎಲ್ಲಿದೆ, ಎಷ್ಟು ಬಾಗಿದೆ ಅನ್ನುವುದು ಕನ್ನಡಿ ನೋಡದೆ ಗೊತ್ತಾಗಬೇಕು. ಬೇಕಾದಾಗ ಬದಲಿಸೋಕೆ ಬರಬೇಕು. ಸಮತೋಲನದ ಕೆಲಸವೂ ಇದೇ ಅಲ್ವಾ? ಅದಕ್ಕೇ ಎರಡನ್ನೂ ಒಟ್ಟಿಗೆ ಕಲಿಸುತ್ತಾರೆ.

ನನಗೆ ಮೊದಲ ವಾರ ಕೊಟ್ಟದ್ದು ತೀರಾ ಸಪ್ಪೆ ಪಾಠ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟದ ಕೆಳಗೆ ಒಂದು ಗಡಿಯಾರ ಇದೆ ಅಂದುಕೊಳ್ಳಬೇಕು. ಹನ್ನೆರಡು ಹೊಕ್ಕುಳ ಕಡೆ, ಆರು ಬೆನ್ನಿನ ಬುಡದ ಕಡೆ. ಸೊಂಟವನ್ನು ಮೆಲ್ಲಗೆ ಹನ್ನೆರಡಕ್ಕೆ ಒತ್ತು, ಆರಕ್ಕೆ ತಾ, ಮೂರಕ್ಕೆ ಹೊರಳು. ನನಗೆ ಮೂರು ಯಾವುದು, ಒಂಬತ್ತು ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ಕೈಬೆರಳಾಗಿದ್ದರೆ ಕಣ್ಣು ಮುಚ್ಚಿ ಹೇಳಬಹುದಿತ್ತು. ಸೊಂಟ ಮಾತ್ರ ಯಾರದೋ ಮನೆಯ ಸಾಮಾನಿನ ಹಾಗೆ. ಹತ್ತು ದಿನಕ್ಕೆ ಗಡಿಯಾರ ತಿರುಗತೊಡಗಿತು.

ಆಮೇಲೆ ಮಾಪ್ ಕೋಲಿನ ಪಾಠ. ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದುಕೊಳ್ಳಬೇಕು. ತಲೆಯ ಹಿಂಭಾಗ, ಎರಡು ಹೆಗಲ ನಡುವೆ, ಬೆನ್ನಿನ ಬುಡ, ಈ ಮೂರೂ ಕಡೆ ಕೋಲು ತಾಗಿರಬೇಕು. ಹಾಗೇ ಕುಂಡಿಯನ್ನು ಹಿಂದಕ್ಕೆ ಒಯ್ದು, ತೊಡೆಸಂದಿನಲ್ಲಿ ಮಡಿಯುತ್ತಾ ಬಗ್ಗಬೇಕು. ಬಗ್ಗುವಾಗ ಬೆನ್ನು ಎಷ್ಟು, ತೊಡೆಸಂದು ಎಷ್ಟು ಅನ್ನುವ ವ್ಯತ್ಯಾಸ ಅರ್ಥವಾಗಲಿ ಅಂತ ಇದು. ಮೂರು ವಾರದ ಮೇಲೆ ಅದೇ ಮೇಡಂ ಕೋಲು ಕಿತ್ತುಕೊಂಡು, "ಈಗ ಬೆನ್ನು ಬಾಗಿಸಿಯೇ ನೆಲದ ಪೆನ್ ಎತ್ತಿ" ಅಂದಳು. ನನಗೆ ಎದೆ ಡವಡವ. ಎತ್ತಿದೆ. ಏನೂ ಆಗಲಿಲ್ಲ. ಬಾಗುವ ಹೆದರಿಕೆ ಬಿಡಿಸುವುದೂ ಚಿಕಿತ್ಸೆಯ ಒಂದು ಭಾಗ ಅಂತ ಆ ದಿನ ಗೊತ್ತಾಯಿತು.

ಸಮತೋಲನದ ಪಾಠ ಅಡುಗೆಮನೆಯಲ್ಲಿ. ಕಟ್ಟೆಯ ಮುಂದೆ ನಿಂತು, ಎರಡು ಬೆರಳು ಕಟ್ಟೆಯ ಮೇಲಿಟ್ಟು, ಪಾದ ಜೋಡಿಸಿ 30 ಸೆಕೆಂಡು. ಅದು ಸಲೀಸಾದರೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವ ಹಾಗೆ, ಸಾಲಾಗಿ. ಆಮೇಲೆ ಒಂಟಿ ಕಾಲು. ಆಮೇಲೆ ಬೆರಳು ತೆಗೆಯುವುದು. ಮಡಿಸಿದ ಕೌದಿಯ ಮೇಲೆ ನಿಲ್ಲುವುದು ಮುಂದಿನ ಮೆಟ್ಟಿಲು. ಅಲ್ಲಿ ಪಾದದ ಸುದ್ದಿ ಮಂಕಾಗುತ್ತದೆ, ಬೆನ್ನು ಮಾತಾಡಲೇಬೇಕಾಗುತ್ತದೆ. ಕೊನೆಗೆ ನಿಂತಲ್ಲೇ ಕೆಲಸ: ಮೇಲಿನ ಶೆಲ್ಫಿಗೆ ಅಕ್ಕಿ ಡಬ್ಬಿ ಇಡು, ಮಗಳು ಎಸೆದ ಚೆಂಡು ಹಿಡಿ. ಕೈ ಎತ್ತುವ ಮೊದಲೇ ಹೊಟ್ಟೆ ಸಿದ್ಧವಾಗಬೇಕಲ್ಲ, ಅದಕ್ಕೆ ಹೀಗೆ ಅನಿರೀಕ್ಷಿತ ಕೆಲಸಗಳೇ ಬೇಕು. ಕಣ್ಣು ಮುಚ್ಚುವುದು ಪ್ರತಿ ಮೆಟ್ಟಿಲಲ್ಲೂ ಕೊನೆಯ ಪಾಠ, ಅದೂ ಕೈಗೆ ಆಧಾರ ಇದ್ದರೆ ಮಾತ್ರ. 60 ದಾಟಿದವರು, ತಲೆಸುತ್ತು ಇರುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಒಬ್ಬರೇ ಮಾಡಬಾರದು. ಸೊಂಟ ನೋವು ವಾಸಿ ಮಾಡಲು ಹೋಗಿ ತೊಡೆ ಮೂಳೆ ಮುರಿದುಕೊಂಡರೆ?

ನಡುವೆ ಇನ್ನೊಂದು ಇತ್ತು. ಅಂಗೈ, ಮೊಣಕಾಲು ಊರಿ ಅಂಬೆಗಾಲಿನ ಹಾಗೆ ನಿಂತು, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಎಂಟು ಹತ್ತು ಸೆಕೆಂಡು. ಸೊಂಟದ ಮೇಲೆ ಅರ್ಧ ಲೋಟ ನೀರು. ಚೆಲ್ಲಬಾರದು, ಉಸಿರೂ ಕಟ್ಟಬಾರದು. ಉಸಿರು ಕಟ್ಟಿದರೆ ಹಳೆಯ ಹಲಗೆ ವಾಪಸ್ ಬಂತು ಅಂತಲೇ ಲೆಕ್ಕ. ನೀರು ಎಷ್ಟು ಸಲ ಚೆಲ್ಲಿತು ಅಂತ ನನ್ನ ಹೆಂಡತಿಯನ್ನು ಕೇಳಬೇಡಿ.

ಮಾಡುವಾಗ ನೋವಾದರೆ? ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಬಂದು, ಮರುದಿನ ಬೆಳಗಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಪರವಾಗಿಲ್ಲ, ಮುಂದುವರಿಸಿ. ಮರುದಿನವೂ ಏರಿಯೇ ಇದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ದಿನಕ್ಕೆ 15–20 ನಿಮಿಷ ಸಾಕು. ಫಲ ಕಾಣೋಕೆ 6ರಿಂದ 12 ವಾರ ಬೇಕು. ಮುಂಬಯಿಯವರಿಗೆ ಕಷ್ಟ ಇರುವುದು ಇದೇ ವಾರಗಳ ಲೆಕ್ಕದಲ್ಲಿ. ನಮಗೆ ಎಲ್ಲವೂ ಮುಂದಿನ ಸ್ಟೇಷನ್ ಬರುವುದರೊಳಗೆ ಆಗಬೇಕು.

ಹಾಗಾದರೆ ಈ ತರಬೇತಿ ಬೇರೆ ವ್ಯಾಯಾಮಕ್ಕಿಂತ ಮೇಲಾ? ಹಾಗೆ ಹೇಳೋಕೆ ಆಗುವುದಿಲ್ಲ, ಮತ್ತು ಹಾಗೆ ಹೇಳಿ ದುಬಾರಿ ಪ್ಯಾಕೇಜ್ ಮಾರುವವರನ್ನು ನಾನು ನಂಬುವುದಿಲ್ಲ. ಕಾಕ್ರೇನ್ ಅಂದರೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ. ಅದರ 2021ರ ಪರಿಶೀಲನೆ 249 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿತು. ವ್ಯಾಯಾಮ ಮಾಡಿದವರ ನೋವು, ಮಾಡದವರಿಗೆ ಹೋಲಿಸಿದರೆ, 100ರ ಅಳತೆಯಲ್ಲಿ ಸುಮಾರು 15 ಅಂಕ ಕಡಿಮೆಯಿತ್ತು. ಮಾಯವಾಗುವುದಿಲ್ಲ, ಆದರೆ ರಾತ್ರಿ ನಿದ್ದೆ ಬರುವಷ್ಟು ವ್ಯತ್ಯಾಸ ಹಲವರಿಗೆ ಅದರಿಂದಲೇ ಸಿಗುತ್ತದೆ. ಸ್ನಾಯುಗಳ ಹಿಡಿತ ಕಲಿಸುವ ವ್ಯಾಯಾಮವನ್ನೇ ಪ್ರತ್ಯೇಕವಾಗಿ ನೋಡಿದ 2016ರ ಇನ್ನೊಂದು ಕಾಕ್ರೇನ್ ಪರಿಶೀಲನೆಗೆ, ಅದರಿಂದ ಉಪಯೋಗ ಇದೆ, ಬೇರೆ ವ್ಯಾಯಾಮಗಳಿಗಿಂತ ಹೇಳಿಕೊಳ್ಳುವ ಹೆಚ್ಚುಗಾರಿಕೆ ಇಲ್ಲ ಅಂತ ಕಂಡಿತು. ನಡಿಗೆ, ಈಜು, ಯೋಗ, ಯಾವುದು ನೀವು ಬಿಡದೆ ಮಾಡುತ್ತೀರೋ ಅದೇ ಒಳ್ಳೆಯದು. ಆದರೆ ನನ್ನಂತೆ ಮೈ ಬಿಗಿದುಕೊಂಡು, ಅಲುಗಾಡಲು ಹೆದರಿ, ನಿಂತಲ್ಲಿ ತೂಗಾಡುವವರಿಗೆ ಸಮತೋಲನದಿಂದ ಶುರು ಮಾಡುವುದು ಅರ್ಥವುಳ್ಳದ್ದು. ಯೋಗದ ವೃಕ್ಷಾಸನವೂ ಒಂಟಿ ಕಾಲಿನ ಪಾಠವೇ ತಾನೇ?

ಮಾವನ ಬೆಲ್ಟಿನ ಮಾತು ಬಾಕಿ ಇದೆ. ಮಲಗುವಾಗ ಬಿಟ್ಟು ಉಳಿದೆಲ್ಲ ಹೊತ್ತು, ಗಲ್ಲಾದಲ್ಲಿ ಕೂತಾಗಲೂ, ಅವರ ಸೊಂಟಕ್ಕೆ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳಿವಳಿಕೆ ಕೊಡುವುದು ಬೇಕಾದ ಪಟ್ಟಿಯಲ್ಲಿವೆ. ಸೊಂಟದ ಬೆಲ್ಟ್ ಮತ್ತು ಬೆನ್ನನ್ನು ಎಳೆದು ಹಿಡಿಯುವ ಟ್ರಾಕ್ಷನ್ ಬೇಡದ ಪಟ್ಟಿಯಲ್ಲಿವೆ. ಇದನ್ನು ಹೇಳಿದ್ದಕ್ಕೆ ಮಾವ, "ಅವರಿಗೆ ಹೋಟ್ಲು ನಡೆಸಿ ಗೊತ್ತುಂಟಾ ಮಾರಾಯಾ?" ಅಂದರು. ಈಗ ಮಧ್ಯಾಹ್ನದ ಊಟದ ರಶ್ ಮುಗಿದ ಮೇಲೆ ಎರಡು ಗಂಟೆ ಬೆಲ್ಟ್ ಬಿಚ್ಚುತ್ತಾರೆ. ಗಲ್ಲಾ ಹಿಡಿದುಕೊಂಡು ಒಂಟಿ ಕಾಲಲ್ಲಿ ನಿಲ್ಲುತ್ತಾರೆ. ಸಪ್ಲೈಯರ್ ಹುಡುಗರು ಒಳಗೆ ಹೋಗಿ ನಗುತ್ತಾರೆ.

ಈ ಪಾಠಗಳಿಗೆ ಕೈ ಹಾಕುವ ಮುಂಚೆ ಡಾಕ್ಟರನ್ನು ನೋಡಲೇಬೇಕಾದ ಕೆಲವು ಸಂದರ್ಭಗಳಿವೆ. ಮೂತ್ರ ಕಟ್ಟುವುದು ಅಥವಾ ಮೂತ್ರ, ಮಲದ ಮೇಲೆ ಹಿಡಿತ ತಪ್ಪುವುದು, ತೊಡೆಗಳ ನಡುವೆ ಜೋಮು, ಕಾಲಿನ ಬಲ ಕುಂದುತ್ತಾ ಹೋಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದ ಮೇಲೆ ಶುರುವಾದ ನೋವು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡದ್ದು, ಇವಿದ್ದರೂ ಮೊದಲು ಪರೀಕ್ಷೆ, ಆಮೇಲೆ ವ್ಯಾಯಾಮ.

ನನ್ನ ನೋವು ಪೂರ್ತಿ ಹೋಗಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ನಾಟಕ ನೋಡುವಾಗ ಅರ್ಧ ಗಂಟೆಗೊಮ್ಮೆ ಎದ್ದು ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತೇನೆ. ಕಳೆದ ಮಳೆಗಾಲದಲ್ಲಿ ಒಮ್ಮೆ ಜೋರಾಗಿಯೇ ಹಿಡಿದುಕೊಂಡಿತು. ಹಿಂದಾಗಿದ್ದರೆ ಹದಿನೈದು ದಿನ ಹಾಸಿಗೆ ಹಿಡಿಯುತ್ತಿದ್ದೆ. ಈ ಸಲ ಒಂಟಿ ಕಾಲಿನಿಂದ ಗಡಿಯಾರದ ಪಾಠಕ್ಕೆ ಇಳಿದೆ, ಮನೆಯೊಳಗೇ ಹತ್ತತ್ತು ನಿಮಿಷ ನಡೆದೆ, ಆರನೆಯ ದಿನ ರೈಲು ಹತ್ತಿದೆ. ಬಾಗಿಲ ಹತ್ತಿರ ಅಲ್ಲ, ಒಳಗೆ, ಸೀಟುಗಳ ನಡುವೆ. ಮೇಲಿನ ಹಿಡಿಕೆಗೆ ಒಂದು ಕೈ, ಮೊಣಕಾಲು ಸಡಿಲ. ಕುರ್ಲಾ ಬಂದಾಗ ಪಕ್ಕದವನು ನನ್ನ ಕಾಲು ತುಳಿದ.